ಅಡಿಕೆ ಮರದ ಅಟ್ಟಣಿಗೆ: ಬೆಲ್ಟ್ ಹಾಕಿದರೆ ಸಾಕೇ?

ಪ್ರಶ್ನೆ: ನಮ್ಮದು ಎರಡು ಅಂತಸ್ತಿನ ಮನೆ. ದೀಪಾವಳಿಯೊಳಗೆ ಪೇಂಟಿಂಗ್ ಮುಗಿಸಬೇಕು. ಪೇಂಟರ್ ಅಡಿಕೆ ಮರ, ಹುರಿಹಗ್ಗದಲ್ಲಿ ಅಟ್ಟಣಿಗೆ ಕಟ್ಟಿದ್ದಾರೆ. ನಾನೇ ಎರಡು ಸೇಫ್ಟಿ ಬೆಲ್ಟ್ ತಂದುಕೊಟ್ಟೆ. "ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಾ ಇದ್ದೇವೆ ಅಕ್ಕ, ಏನೂ ಆಗುದಿಲ್ಲ" ಅಂತಾರೆ. ಬೆಲ್ಟ್ ಹಾಕಿಸಿದರೆ ಸಾಕೇ? – ಓದುಗರು, ಕಾಪು

ಉತ್ತರ: ಸಾಲದು ಅಕ್ಕ. ಬೆಲ್ಟ್ ಕೊನೆಯ ಆಸರೆ. ಮೊದಲು ನೋಡಬೇಕಾದದ್ದು ಅಟ್ಟಣಿಗೆಯ ಬುಡವನ್ನು.

ಮಣಿಪಾಲದಲ್ಲಿ ಒಂದು ಕೆಲಸದ ಜಾಗಕ್ಕೆ ಬೆಳಿಗ್ಗೆ ಹೋದಾಗ ಕಂಡದ್ದು ಇನ್ನೂ ಕಣ್ಣ ಮುಂದಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ಕೆಳಗೆ ಮಾತ್ರ ಒಂದು ಕಂಬದಡಿ ಇಟ್ಟಿದ್ದ ಕೆಂಪುಕಲ್ಲಿನ ಅರ್ಧ ತುಂಡು ನಾಲ್ಕು ಬೆರಳು ಮಣ್ಣಿಗೆ ಇಳಿದಿತ್ತು. ಅಷ್ಟಕ್ಕೇ ಮೇಲಿನ ಹಲಗೆಯ ಒಂದು ತುದಿ ಅಡ್ಡಮರ ಬಿಟ್ಟು ಜಾರುವ ಹಂತಕ್ಕೆ ಬಂದಿತ್ತು. ಯಾರೂ ಹತ್ತಿರಲಿಲ್ಲ, ಪುಣ್ಯ. ನಮ್ಮ ಕರಾವಳಿಯಲ್ಲಿ ಮನೆ ಸುತ್ತ ತುಂಬಿಸಿದ ಮಣ್ಣೇ ಹೆಚ್ಚು. ಪ್ರತಿ ಕಂಬದಡಿ ಗಟ್ಟಿಯಾದ ಅಗಲ ಹಲಗೆ ಇರಲಿ, ಎರಡು ಕಂಬಕ್ಕೆ ಒಂದೇ ಹಲಗೆಯಾದರೆ ಇನ್ನೂ ಒಳ್ಳೆಯದು. ಸೆಪ್ಟಿಕ್ ಟ್ಯಾಂಕಿನ ಚಪ್ಪಡಿಯ ಮೇಲೆ ಕಂಬ ನಿಲ್ಲಿಸಲು ಬಿಡಲೇಬೇಡಿ. ಅದು ಎಲ್ಲಿದೆ ಎಂದು ಗೊತ್ತಿರುವುದು ನಿಮಗೆ, ಪೇಂಟರಿಗಲ್ಲ. ಇವತ್ತೇ ತೋರಿಸಿಕೊಡಿ.

ಆಮೇಲೆ ಮರ ಮತ್ತು ಹಗ್ಗ. ಅಡಿಕೆ ಮರಕ್ಕೆ ಹೊರಗಿನ ಪದರ ಮಾತ್ರ ಗಟ್ಟಿ, ಒಳಗೆ ಮೆದು. ಮಳೆಗಾಲವಿಡೀ ಹಿತ್ತಲಲ್ಲಿ ಬಿದ್ದಿದ್ದ ಮರ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೊಳೆತು ಲಡ್ಡಾಗಿರಬಹುದು. ಕತ್ತಿಯ ಹಿಂಬದಿಯಿಂದ ಬಡಿದು ನೋಡಲು ಹೇಳಿ. ಟಣ್ ಎನ್ನದೆ ದಬ್ ಎಂದರೆ ಆ ಮರ ಒಲೆಗೆ. ಹುರಿಹಗ್ಗ ರಾತ್ರಿ ನೆನೆದು ಹಗಲು ಒಣಗುವಾಗ ಗಂಟು ಸಡಿಲವಾಗುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಹತ್ತುವ ಮೊದಲು ಪ್ರತಿ ಗಂಟನ್ನೂ ಎಳೆದು ನೋಡಬೇಕು. ಹಳೆಯ ಹಗ್ಗ ಬೇಡ. ಇಡೀ ಅಟ್ಟಣಿಗೆಯನ್ನು ಗೋಡೆಗೆ ಬಿಗಿಯಬೇಕು: ಕಿಟಕಿಯ ಒಳಬದಿಗೆ ಅಡ್ಡಮರ ಕೊಟ್ಟು ಅದಕ್ಕೆ ಕಟ್ಟಿಸಿ, ನೀರಿಳಿಯುವ ಪಿವಿಸಿ ಪೈಪಿಗಲ್ಲ.

ನೇರವಾಗಿ ಹೇಳುವುದಾದರೆ, ಒಂದು ಅಂತಸ್ತಿನ ಪೇಂಟ್ ಕೆಲಸಕ್ಕೆ ಚೆನ್ನಾಗಿ ಕಟ್ಟಿದ ಅಡಿಕೆ ಮರ ನಡೆದೀತು. ಎರಡನೇ ಅಂತಸ್ತಿಗೆ ಬಾಡಿಗೆಗೆ ಕಬ್ಬಿಣದ್ದೇ ತರಿಸಿ. ಅದರಲ್ಲಿ ಸೊಂಟದ ಎತ್ತರಕ್ಕೆ ಅಡ್ಡಪೈಪ್ ಹಾಕಿಸಬಹುದು, ನಿಲ್ಲುವಲ್ಲಿ ಸಂದಿಯಿಲ್ಲದ ಹಲಗೆ ಸಿಗುತ್ತದೆ. ಇಪ್ಪತ್ತು ಅಡಿಯಿಂದ ಬಿದ್ದವರು ಒಂದು ಸೆಕೆಂಡ್ ಚಿಲ್ಲರೆಯಲ್ಲಿ ನೆಲದಲ್ಲಿರುತ್ತಾರೆ, ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ. ಇಪ್ಪತ್ತು ವರ್ಷದ ಅನುಭವವೂ ಆ ಹೊತ್ತಿನಲ್ಲಿ ಕೈಗೆ ಬರುವುದಿಲ್ಲ.

ಇನ್ನು ಬೆಲ್ಟ್. ಸೊಂಟಕ್ಕೆ ಮಾತ್ರ ಕಟ್ಟುವಂಥದ್ದಾದರೆ ಬದಲಾಯಿಸಿ; ಬಿದ್ದಾಗ ಆ ಪೆಟ್ಟೆಲ್ಲ ಹೊಟ್ಟೆಗೂ ಬೆನ್ನಿಗೂ ಬೀಳುತ್ತದೆ. ಭುಜ, ಎದೆ, ತೊಡೆ ಮೂರನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್ ಬೇಕು. ಅದರ ಕೊಕ್ಕೆಯನ್ನು ಅಡಿಕೆ ಮರಕ್ಕೇ ಸಿಕ್ಕಿಸಿದರೆ ಅಟ್ಟಣಿಗೆ ಬಿದ್ದಾಗ ಮನುಷ್ಯನನ್ನೂ ಎಳೆದುಕೊಂಡು ಹೋಗುತ್ತದೆ. ಟೆರೇಸಿನ ಮೆಟ್ಟಿಲಕೋಣೆಯ ಕಾಂಕ್ರೀಟ್ ಪಿಲ್ಲರಿಗೆ ದಪ್ಪ ನೈಲಾನ್ ಹಗ್ಗ ಸುತ್ತಿ ಇಳಿಬಿಡಿ, ಗೋಡೆಯ ಅಂಚಿಗೆ ಉಜ್ಜುವಲ್ಲಿ ಗೋಣಿ ಮಡಚಿ ಇಡಿ. ಆ ಹಗ್ಗದಲ್ಲಿ ರೋಪ್ ಗ್ರ್ಯಾಬ್ (ಹಗ್ಗದ ಮೇಲೆ ಜಾರುತ್ತಾ, ಬಿದ್ದಾಗ ತಾನೇ ಕಚ್ಚಿ ಹಿಡಿಯುವ ಹಿಡಿಕೆ) ಹಾಕಿ, ಕೊಕ್ಕೆ ಸಿಕ್ಕಿಸುವುದು ಅದಕ್ಕೆ. ಶೀಟಿನ ಮಾಡಿನ ಪೈಪ್, ಕಿಟಕಿಯ ಗ್ರಿಲ್ ಎರಡನ್ನೂ ನಂಬಬೇಡಿ. ಕೊಕ್ಕೆ ಯಾವಾಗಲೂ ತಲೆಗಿಂತ ಮೇಲಿರಲಿ. ಹತ್ತಡಿ ಎತ್ತರದಲ್ಲಿ ನಿಂತು, ಬೆಲ್ಟಿನ ಆರಡಿಯ ಹಗ್ಗವನ್ನು ಕಾಲಿನ ಮಟ್ಟದಲ್ಲಿ ಸಿಕ್ಕಿಸಿಕೊಂಡವರನ್ನು ಅದು ಹಿಡಿಯುವ ಮೊದಲೇ ನೆಲ ಹಿಡಿದಿರುತ್ತದೆ; ಹಗ್ಗದ ಉದ್ದಕ್ಕೆ ಕೆಳಗೆ ನೇತಾಡುವ ಮೈಯ ಉದ್ದವೂ ಸೇರುತ್ತದಲ್ಲ.

ಮನೆ ಪಕ್ಕದಲ್ಲಿ ಕರೆಂಟಿನ ಲೈನ್ ಹಾದುಹೋಗಿದ್ದರೆ ಅಟ್ಟಣಿಗೆ ಏಳುವ ಮೊದಲೇ ಮೆಸ್ಕಾಂನವರಿಗೆ ಹೇಳಿ ಆಫ್ ಮಾಡಿಸಿಕೊಳ್ಳಿ. ದೀಪಾವಳಿಗೆ ಮೊದಲಿನ ಈ ದಿನಗಳಲ್ಲಿ ಮಧ್ಯಾಹ್ನ ಮೇಲೆ ಗುಡುಗು ಕೇಳಿತೆಂದರೆ ಅರ್ಧ ಬಳಿದ ಗೋಡೆ ಹಾಗೇ ಇರಲಿ, ಎಲ್ಲರನ್ನೂ ಇಳಿಸಿ ಒಳಗೆ ಕೂರಿಸಿ ಚಹಾ ಕೊಡಿ.

ಪ್ರಶ್ನೆ: ನಾನು ಮಲ್ಪೆಯಲ್ಲಿ ಪೇಂಟರ್. ಚಕ್ರದ ಕಬ್ಬಿಣದ ಟವರ್ ಬಾಡಿಗೆಗೆ ತರುತ್ತೇವೆ. ಒಬ್ಬ ಮೇಲಿರುವಾಗಲೇ ದೂಡಿದರೆ ಸಮಯ ಉಳಿಯುತ್ತದೆ. ತಪ್ಪಾ ಸರ್?

ಉತ್ತರ: ತಪ್ಪು, ತಮ್ಮಾ. ಅಂಗಳದ ಇಂಟರ್‌ಲಾಕ್ ಕಲ್ಲುಹಾಸಿನ ಒಂದು ಸಣ್ಣ ಸಂದಿಗೆ ಚಕ್ರ ಸಿಕ್ಕಿದರೂ ಟವರ್ ನಿಲ್ಲುತ್ತದೆ, ಮೇಲಿದ್ದವ ನಿಲ್ಲುವುದಿಲ್ಲ. ಇಳಿದು, ದೂಡಿ, ನಾಲ್ಕೂ ಚಕ್ರ ಲಾಕ್ ಮಾಡಿ ಮತ್ತೆ ಹತ್ತಿ. ಬುಡದ ಕಿರಿದಾದ ಬದಿ ನಾಲ್ಕಡಿ ಇದ್ದರೆ ಹೊರಾಂಗಣದಲ್ಲಿ ಎತ್ತರ ಹನ್ನೆರಡು ಅಡಿ ದಾಟದಿರಲಿ. ಅದಕ್ಕಿಂತ ಮೇಲೆ ಹೋಗಬೇಕಾದರೆ ಗೋಡೆಗೆ ಬಿಗಿಯಬೇಕು. ಸಮುದ್ರದ ಉಪ್ಪುಗಾಳಿಗೆ ನಿಮ್ಮಲ್ಲಿ ಕಬ್ಬಿಣ ಬೇಗ ತಿಂದುಹೋಗುತ್ತದೆ. ಬಾಡಿಗೆ ಅಂಗಡಿಯಲ್ಲೇ ಪ್ರತಿ ಕ್ಲಾಂಪಿನ ನಟ್ ತಿರುಗಿಸಿ ನೋಡಿ. ತುಕ್ಕು ಪದರಪದರವಾಗಿ ಏಳುತ್ತಿದ್ದರೆ ಬೇರೆ ಕೇಳಿ. ಜೊತೆಯವರು ಯಾರಾದರೂ ಬಿದ್ದರೆ ಎಬ್ಬಿಸಿ ಕೂರಿಸಲು ಹೋಗಬೇಡಿ, ರಿಕ್ಷಾದಲ್ಲಿ ಮಡಚಿ ಒಯ್ಯಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅದರಿಂದಲೇ ಕಾಲಿನ ಬಲ ಹೋಗಬಹುದು. ತಲೆ ಅಲ್ಲಾಡದಂತೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿ.