ಆಕ್ಸಿಯಾನ್: ಉಬ್ಬರಕ್ಕೆ ಮೊದಲೋ, ಆಮೇಲೋ?

ಪ್ರಶ್ನೆ: ಮೇಡಂ, ಆಕ್ಸಿಯಾನ್ ಅನ್ನುವ ಕಣವೇ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದ ಸೆಳೆತದಿಂದಷ್ಟೇ ತಿಳಿಯುವ ದ್ರವ್ಯ) ಇರಬಹುದು ಅಂತ ಓದಿದೆ. ವಿಶ್ವ ಹುಟ್ಟಿದ ಹೊಸತರಲ್ಲಿ ಒಮ್ಮೆಲೇ ಉಬ್ಬಿತಲ್ಲ, ಅದಕ್ಕೆ ಮೊದಲೇ ಆಕ್ಸಿಯಾನ್ ಇತ್ತೋ, ಆಮೇಲೆ ಬಂತೋ ಎಂದು ಯಾಕಷ್ಟು ತಲೆ ಕೆಡಿಸಿಕೊಳ್ಳುತ್ತಾರೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಕೆಡಿಸಿಕೊಳ್ಳಲೇಬೇಕಮ್ಮ, ಹುಡುಕಾಟವೆಲ್ಲ ಅದರ ಮೇಲೆಯೇ ನಿಂತಿದೆ.

ನ್ಯೂಟ್ರಾನಿನ ಒಂದು ಬದಿಗೆ ಧನ, ಇನ್ನೊಂದು ಬದಿಗೆ ಋಣ ವಿದ್ಯುತ್ತು ಸ್ವಲ್ಪ ಸರಿದಿರಬಹುದು ಎನ್ನುತ್ತದೆ ಸಿದ್ಧಾಂತ. ಎಷ್ಟು ಸೂಕ್ಷ್ಮವಾಗಿ ಅಳೆದರೂ ಅಂಥದ್ದು ಕಂಡಿಲ್ಲ. ಈ ಸರಿತ ಎಷ್ಟು ಎಂದು ಹೇಳುವ ಒಂದು ಕೋನ ಲೆಕ್ಕದಲ್ಲಿ ಬರುತ್ತದೆ, ಅದು ಸುಮ್ನೆ ಸೊನ್ನೆಯಾಗಿ ಕೂತಿದೆ. 1977ರಲ್ಲಿ ಭೌತವಿಜ್ಞಾನಿಗಳಾದ ಪೆಚ್ಚೈ ಮತ್ತು ಹೆಲೆನ್ ಕ್ವಿನ್, ಆ ಕೋನ ಬದಲಾಗಬಲ್ಲದು, ತಾನಾಗಿಯೇ ಸೊನ್ನೆಗೆ ಇಳಿಯುತ್ತದೆ ಎಂದರು. ಹಾಗಿದ್ದರೆ ಹೊಸ ಕಣವೊಂದು ಇರಲೇಬೇಕು ಎಂದು ಮರುವರ್ಷ ವೈನ್‌ಬರ್ಗ್, ವಿಲ್ಚೆಕ್ ತೋರಿಸಿದರು. ಅದೇ ಆಕ್ಸಿಯಾನ್.

ಕೋನ ಸೊನ್ನೆಗೆ ಬಂದು ಥಟ್ಟನೆ ನಿಲ್ಲುವುದಿಲ್ಲ, ಉಯ್ಯಾಲೆಯ ಹಾಗೆ ತೂಗುತ್ತದೆ. ಆ ತೂಗಾಟದ ಶಕ್ತಿಯೇ ಡಾರ್ಕ್ ಮ್ಯಾಟರ್. ಶುರುವಿನಲ್ಲಿ ಕೋನ ಜಾಸ್ತಿ ಇದ್ದರೆ ಡಾರ್ಕ್ ಮ್ಯಾಟರೂ ಜಾಸ್ತಿ, ಅದು ಆಕ್ಸಿಯಾನಿನ ತೂಕದ ಮೇಲೂ ನಿಂತಿದೆ.

ಈಗ ನಿಮ್ಮ ಪ್ರಶ್ನೆ. ಕೋನ ಉಬ್ಬರಕ್ಕೆ ಮೊದಲೇ ನಿಗದಿಯಾಗಿದ್ದರೆ, ನಮಗೆ ಕಾಣುವ ವಿಶ್ವವೆಲ್ಲ ಒಂದೇ ಪುಟ್ಟ ಚೂರು ಹಿಗ್ಗಿದ್ದು. ಎಲ್ಲೆಡೆ ಒಂದೇ ಕೋನ. ಅದು ಎಷ್ಟು? ಅದೃಷ್ಟ. ಹಾಗಾಗಿ ಆಕ್ಸಿಯಾನಿನ ತೂಕವೂ ಎಷ್ಟು ಬೇಕಾದರೂ ಇರಬಹುದು. ಉಬ್ಬರದ ನಂತರವಾದರೆ ಜಾಗಕ್ಕೊಂದು ಕೋನ, ಸರಾಸರಿ ತೆಗೆದು ತೂಕ ಲೆಕ್ಕ ಹಾಕಬಹುದು. (ಆ ಲೆಕ್ಕದಲ್ಲೂ ಒಬ್ಬರಿಗೊಬ್ಬರಿಗೆ ಹೊಂದುವುದಿಲ್ಲ, ಅದು ಬೇರೆ ಜಗಳ.)

ಮಜಾ ಇರುವುದು ಮುಂದೆ. 'ಮೊದಲು' ಎನ್ನುವುದಾದರೆ, ಉಬ್ಬರದ ಹೊತ್ತಿನ ಕ್ವಾಂಟಂ ನಡುಕದಿಂದ ಕೋನ ಅಲ್ಲಲ್ಲಿ ಚೂರು ಏರುಪೇರಾಗಿ, ಆದಿಯ ಬೆಳಕಿನಲ್ಲಿ (ಎಳೆಯ ವಿಶ್ವದಿಂದ ಇಂದಿಗೂ ಬರುತ್ತಿರುವ ಮೈಕ್ರೋವೇವ್‌ನಲ್ಲಿ) ಅದರ ಗುರುತು ಉಳಿಯಬೇಕು. ಆ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹಕ್ಕೆ ಅದು ಸಿಗಲಿಲ್ಲ. ಉಬ್ಬರದ ಶಕ್ತಿ ಹೆಚ್ಚಿದಷ್ಟೂ ಈ ನಡುಕವೂ ಹೆಚ್ಚು, ಆಗ ಎದ್ದ ಗುರುತ್ವ ಅಲೆಗಳೂ ಹೆಚ್ಚು. 2014ರ ಮಾರ್ಚ್ 17ರಂದು ದಕ್ಷಿಣ ಧ್ರುವದ ಬೈಸೆಪ್-2 ದೂರದರ್ಶಕದ ತಂಡ, ಆ ಅಲೆಗಳ ಜೋರಾದ ಗುರುತು ಸಿಕ್ಕಿತು ಎಂದು ಸಾರಿತು. ಆ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇಲ್ಲ. ಅಲೆ ಅಷ್ಟು ಜೋರಾಗಿದ್ದರೆ ನಡುಕವೂ ಜೋರಾಗಿ ಪ್ಲಾಂಕ್‌ಗೆ ಕಾಣಲೇಬೇಕಿತ್ತು, ಹಾಗಾಗಿ 'ಮೊದಲು' ಬಂದ ಆಕ್ಸಿಯಾನಿನ ಕತೆ ಬಹುಮಟ್ಟಿಗೆ ಮುಗಿಯಿತು ಎಂದು ಕೆಲವೇ ದಿನಗಳಲ್ಲಿ ಪ್ರಬಂಧಗಳೂ ಬಂದವು. 2015ರಲ್ಲಿ ಪ್ಲಾಂಕ್ ಜೊತೆ ಕೂತು ನೋಡಿದಾಗ, ಕಂಡಿದ್ದರಲ್ಲಿ ಬಹುಪಾಲು ನಮ್ಮ ಗ್ಯಾಲಕ್ಸಿಯದೇ ಧೂಳು! ಹಾಗಾಗಿ 'ಮೊದಲು' ಎನ್ನುವ ಕತೆ ಮುಗಿಯಲಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ ಆಕ್ಸಿಯಾನ್ ಹುಡುಕುವ ಎಡಿಎಂಎಕ್ಸ್ ಪ್ರಯೋಗದವರಿಗೆ ಇದು ದಿನನಿತ್ಯದ ವಿಷಯ. ಬಲವಾದ ಅಯಸ್ಕಾಂತದೊಳಗೆ ತಣ್ಣಗಿನ ತಾಮ್ರದ ಡಬ್ಬಿ ಇಟ್ಟು, ಆಕ್ಸಿಯಾನ್ ಮೈಕ್ರೋವೇವ್ ಆಗಿ ಬದಲಾಗುತ್ತದಾ ಎಂದು ಒಂದೊಂದೇ ಆವರ್ತನದಲ್ಲಿ ಕಿವಿಗೊಟ್ಟು ಕೂತಿದ್ದಾರೆ. ಯಾವ ಆವರ್ತನ ಎನ್ನುವುದು ಆಕ್ಸಿಯಾನಿನ ತೂಕದಿಂದ ಗೊತ್ತಾಗುತ್ತದೆ. ತೂಕ ಗೊತ್ತಾದರೆ ನೇರ ಆ ಆವರ್ತನಕ್ಕೇ ಹೋಗಬಹುದಲ್ವಾ?