ವಯಸ್ಸಾದ ಫಂಕ್ ಬ್ಯಾಂಡನ್ನು ದುಡ್ಡು ಕೊಟ್ಟು ನೋಡಬಹುದಾ?

ನೀವು ಕೇಳಿರುವುದು ಇಷ್ಟು: 50 ವರ್ಷ ದಾಟಿದ ಒಂದು ಫಂಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಗೆಳೆಯರು ಕರೆಯುತ್ತಿದ್ದಾರೆ, ಟಿಕೆಟ್ ದುಬಾರಿ, ಮೂಲ ಸದಸ್ಯರಲ್ಲಿ ಅರ್ಧ ಜನ ಈಗಿಲ್ಲ, ಇರುವವರಿಗೆ 70ರ ಆಸುಪಾಸು. ಹೋಗಬಹುದಾ, ಇಲ್ಲಾ ಮನೇಲಿ ಕೂತು ಹಳೇ ರೆಕಾರ್ಡಿಂಗ್ ಕೇಳೋದೇ ವಾಸಿನಾ?

ಹೋಗಿ. ರಾಕ್ ಬ್ಯಾಂಡ್ ಆಗಿದ್ದರೆ ಸ್ವಲ್ಪ ಯೋಚನೆ ಮಾಡಿ ಅನ್ನುತ್ತಿದ್ದೆ. ಕುಣಿಸುವ ಲಯವೇ ಮುಖ್ಯವಾದ ಅಮೆರಿಕನ್ ಸಂಗೀತ ಫಂಕ್, ಅದು ಅಂದಮೇಲೆ ಯೋಚನೆಯೂ ಬೇಡ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಬೆಂಗಳೂರಿನಲ್ಲಿ ನನ್ನ ವಯಸ್ಸಿನವರು ಸಂಗೀತ ಕಲಿತದ್ದೇ ಹಳೇ ಬ್ಯಾಂಡ್‌ಗಳನ್ನು ನೋಡಿ. ಬೇರೆ ದೇಶಗಳಲ್ಲಿ ಹೆಸರು ಮಾಡಿ, ದುಡ್ಡು ಮಾಡಿ, ಕೂದಲು ನರೆತ ಮೇಲೆ ಅರಮನೆ ಮೈದಾನಕ್ಕೆ ಬರೋರು. 2003ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬಂದಾಗ ಮಳೆ ಬಂತು, ಮೈದಾನವೆಲ್ಲ ಕೆಸರು, ಚಪ್ಪಲಿ ಒಂದು ಅಲ್ಲೇ ಹೋಯಿತು. ಅವರ ಗಾಯಕ ಮಿಕ್ ಜ್ಯಾಗರ್‌ಗೆ ಆಗ 59. 'ಪಾಪ, ಮುದುಕ, ಎಷ್ಟು ಓಡಾಡ್ತಾನೆ' ಅಂತ ನಾವು ಮಾತಾಡಿಕೊಂಡಿದ್ದೆವು. ಈಗ ನನಗೇ 45 ದಾಟಿದೆ, ಆ ಮಾತು ನೆನಪಾದರೆ ನಾಚಿಕೆ. ಆದರೆ ಅವತ್ತು ಒಂದು ವಿಷಯ ಗಮನಿಸಿದ್ದೆ: ಓಡಾಟಕ್ಕೆ, ಕೂಗಿಗೆ ವಯಸ್ಸಿನ ಲೆಕ್ಕ ಇದೆ. ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದ ಚಾರ್ಲಿ ವಾಟ್ಸ್‌ಗೆ ಅಂಥ ಲೆಕ್ಕ ಇದ್ದ ಹಾಗೆ ಕಾಣಲಿಲ್ಲ. ಆ ಗುಂಪಿನಲ್ಲಿ ಅವರೇ ಎಲ್ಲರಿಗಿಂತ ಸುಮ್ಮನೆ ಇದ್ದರು.

ಈಗ ಫಂಕ್ ವಿಷಯ. ನಾನು ನೋಡಿದ್ದು ಟವರ್ ಆಫ್ ಪವರ್ ಅನ್ನೋ ಬ್ಯಾಂಡನ್ನು. 1968ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲಂಡ್ ಕಡೆ ಶುರುವಾದದ್ದು. ಹತ್ತು ಜನ, ಅದರಲ್ಲಿ ಐದು ಜನ ಊದೋರು: ಎರಡು ಟ್ರಂಪೆಟ್, ಮೂರು ಸ್ಯಾಕ್ಸೊಫೋನ್. ಈ ಐದು ಜನರ ಊದು ಎಷ್ಟು ಹೆಸರಾಯಿತು ಅಂದರೆ ಎಲ್ಟನ್ ಜಾನ್, ಸಂಟಾನಾ ಥರದ ಹೆಸರಾಂತ ಸಂಗೀತಗಾರರು ತಮ್ಮ ರೆಕಾರ್ಡಿಂಗ್‌ಗೆ ಇವರನ್ನೇ ಕರೆಸಿಕೊಂಡರು. 2019ರಲ್ಲಿ ಆಫೀಸ್ ಕೆಲಸಕ್ಕೆ ಅಂತ ಆರು ವಾರ ಅಲ್ಲಿಗೆ ಹೋಗಿದ್ದೆ. ನಮ್ಮ ಸೋದರಮಾವ ಫ್ರೀಮಾಂಟ್‌ನಲ್ಲಿ ಮಗಳ ಮನೆಯಲ್ಲಿದ್ದರು. ಮಾವ ಬಸವನಗುಡಿಯವರು, ಬ್ಯಾಂಕ್ ಕೆಲಸದ ಜೊತೆಗೆ 40 ವರ್ಷ ಮೃದಂಗ ನುಡಿಸಿದವರು. ಅಲ್ಲಿ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಮೊಮ್ಮಗನನ್ನು ಸ್ಕೂಲಿಗೆ ಬಿಡೋದು, ಕರ್ಕೊಂಡು ಬರೋದು, ನಡುವೆ ಊಟದ ಮೇಜಿನ ಮೇಲೆ ಬೆರಳಲ್ಲಿ ತಾಳ. ಒಂದು ಟಿಕೆಟ್ ಜಾಸ್ತಿ ಇತ್ತು, ಬನ್ನಿ ಮಾವ ಅಂದೆ.

'ಏನೋ ಅದು, ಡಿಸ್ಕೋನಾ?' ಅಂದರು. ಅತ್ತೆ ಅವರ ಜೇಬಿಗೆ ಒಂದಿಷ್ಟು ಹತ್ತಿ ತುರುಕಿದರು, ಕಿವಿಗೆ ಇಟ್ಟುಕೊಳ್ಳೋಕೆ. ಸ್ವೆಟರ್, ಮಫ್ಲರ್ ಸಮೇತ ಹೊರಟರು.

ದಾರಿಯಲ್ಲಿ ಅವರಿಗೆ ಫಂಕ್ ಅಂದರೇನು ಅಂತ ಹೇಳಬೇಕಾಯಿತು. ನಿಮಗೂ ಅದೇ ಹೇಳುತ್ತೇನೆ, ಯಾಕೆಂದರೆ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. 60ರ ದಶಕದಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಮ್ಮ ವಾದ್ಯದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: ಮೊದಲನೇ ಪೆಟ್ಟು ಬಲವಾಗಿ ಬೀಳಬೇಕು. ಅದಕ್ಕೆ ಅವರು 'ದಿ ಒನ್' ಅನ್ನುತ್ತಿದ್ದರು. ಉಳಿದ ಪೆಟ್ಟುಗಳ ನಡುವೆ ಗಿಟಾರ್, ಬಾಸ್ (ದಪ್ಪ ದನಿಯ ಗಿಟಾರ್), ತುತ್ತೂರಿ ಯಾರು ಎಲ್ಲಿಗೆ ಬೇಕಾದರೂ ಹೋಗಿ ಬರಲಿ, ಒಂದಕ್ಕೆ ಎಲ್ಲರೂ ಮನೆಗೆ ಬರಬೇಕು. 'ಅಂದ್ರೆ ಸಮ' ಅಂದರು ಮಾವ. ಹೂಂ, ಸಮವೇ. 'ಹಾಗಾದ್ರೆ ಗೊತ್ತಿರೋದೇ ಬಿಡು' ಅಂತ ಕಿಟಕಿ ಕಡೆ ತಿರುಗಿದರು.

ಹಾಲ್ ಬಗ್ಗೆ ಹೇಳೋದೇನಿಲ್ಲ. ಬಿಯರ್ ಬೆಲೆ ಕೇಳಿ ಸುಮ್ಮನಾದೆ. ಮೊದಲ ಎರಡು ಹಾಡಿನಲ್ಲಿ ಸೌಂಡ್ ಚೆನ್ನಾಗಿರಲಿಲ್ಲ, ಬಾಸ್ ಎಲ್ಲ ಮುದ್ದೆ ಮುದ್ದೆ. ಮಾವ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು, ತೊಡೆ ಮೇಲೆ ಕೈ ಇಟ್ಟುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕೂತಿದ್ದರು. ಸುತ್ತ ಎಲ್ಲರೂ ಎದ್ದು ಕುಣಿಯುತ್ತಿದ್ದಾರೆ. ತಪ್ಪು ಮಾಡಿದೆ ಅನ್ನಿಸಿತು.

ಮೂರನೇ ಹಾಡಿಗೆ ಒಂದು ಕಿವಿಯ ಹತ್ತಿ ತೆಗೆದರು.

ಡ್ರಮ್ಸ್‌ನಲ್ಲಿದ್ದದ್ದು ಡೇವಿಡ್ ಗ್ಯಾರಿಬಾಲ್ಡಿ. 1970ರಲ್ಲಿ ಬ್ಯಾಂಡ್ ಸೇರಿದವರು, ನಡುವೆ ಬಿಟ್ಟು ಮತ್ತೆ ಬಂದವರು, ನಾವು ನೋಡಿದಾಗ 70 ದಾಟಿತ್ತು. ಅದಕ್ಕೆ ಎರಡು ವರ್ಷ ಹಿಂದೆ, 2017ರ ಜನವರಿಯಲ್ಲಿ, ಓಕ್ಲಂಡ್‌ನಲ್ಲಿ ಕಾರ್ಯಕ್ರಮಕ್ಕೆ ನಡೆದು ಹೋಗುವಾಗ ಅವರಿಗೂ ಬ್ಯಾಂಡಿನ ಬಾಸ್ ವಾದಕರಿಗೂ ರೈಲು ಬಡಿದಿತ್ತು. ಹೌದು, ರೈಲು. ಇಬ್ಬರೂ ಬದುಕಿ, ಮತ್ತೆ ಬಂದು ಅದೇ ಜಾಗದಲ್ಲಿ ಕೂತರು. ಇದನ್ನು ನಾನು ಮಾವನಿಗೆ ಮೊದಲೇ ಹೇಳಿರಲಿಲ್ಲ, ಕನಿಕರದಿಂದ ಕೇಳೋದು ಬೇಡ ಅಂತ.

ಗ್ಯಾರಿಬಾಲ್ಡಿ ಕೈ ಹೇಗೆ ಅಂದರೆ, ಜೋರಾಗಿ ಬೀಳುವ ಪೆಟ್ಟು ಕಡಿಮೆ. ಆ ಪೆಟ್ಟುಗಳ ನಡುವೆ ಕೇಳೀ ಕೇಳದ ಹಾಗೆ ಚಿಕ್ಕ ಚಿಕ್ಕ ಪೆಟ್ಟು ಬೀಳುತ್ತಲೇ ಇರುತ್ತವೆ. ಡ್ರಮ್ಸ್‌ನವರು ಇದಕ್ಕೆ ಘೋಸ್ಟ್ ನೋಟ್ ಅನ್ನುತ್ತಾರೆ. ರೆಕಾರ್ಡಿಂಗ್‌ನಲ್ಲಿ ಇವು ಅರ್ಧ ಮುಳುಗಿ ಹೋಗುತ್ತವೆ, ಎದುರಿಗೆ ಕೂತರೆ ಕೋಲು ಚರ್ಮಕ್ಕೆ ತಾಗೋದು ಕಣ್ಣಿಗೂ ಕಾಣುತ್ತದೆ. ಇನ್ನೊಂದು, ಜೋರು ಪೆಟ್ಟು ಎಲ್ಲಿ ಬೀಳಬೇಕು ಅಂತ ನಾವು ಕಾಯುತ್ತೇವೋ ಅಲ್ಲಿ ಬೀಳುವುದಿಲ್ಲ, ಒಂದು ಚೂರು ಮುಂದೆ ಇಲ್ಲಾ ಹಿಂದೆ ಬೀಳುತ್ತದೆ. ಮಾವ ಅಷ್ಟು ಹೊತ್ತಿಗೆ ತೊಡೆ ಮೇಲೆ ಎಂಟು ಎಣಿಕೆಯ ಆದಿತಾಳ ಹಾಕುತ್ತಿದ್ದರು. ಒಂದು ಕಡೆ ಕೈ ನಿಂತಿತು. ಹುಬ್ಬು ಗಂಟಾಯಿತು. ಮತ್ತೆ ಶುರು ಮಾಡಿದರು, ಮತ್ತೆ ನಿಂತರು. ಆಮೇಲೆ ಮುಂದಿನ ಸಾಲಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ನನ್ನ ಕಿವಿಯಲ್ಲಿ, 'ಸಮ ಎಲ್ಲೋ?!'

ನನಗೇನು ಗೊತ್ತು. ನಾನು ಸುಮ್ನೆ ಕುಣಿಯೋಕೆ ಬಂದವನು.

ಇನ್ನೊಂದು ಹತ್ತಿಯೂ ಹೋಯಿತು. ಬಾಸ್ ನುಡಿಸುವವರ ಕಾಲಿನ ಮೇಲೆ ಕಣ್ಣಿಟ್ಟು ಮಾವ ಲೆಕ್ಕ ಹಿಡಿದರು, ಎಂಟು, ಹದಿನಾರು, ಕೊನೆಗೆ ಊದುವ ಐವರೂ ಒಟ್ಟಿಗೆ ಬಂದು ಒಂದರ ಮೇಲೆ 'ಡಬ್' ಅಂತ ನಿಂತಾಗ ಅವರ ಕೈಯೂ ಅಲ್ಲೇ ಬಿತ್ತು. ಆ ಮುಖ ನೋಡಬೇಕಿತ್ತು ನೀವು. 'ಕಳ್ಳ, ಕಳ್ಳ' ಅಂತ ಗ್ಯಾರಿಬಾಲ್ಡಿ ಕಡೆ ಬೆರಳು ತೋರಿಸಿ ನಗುತ್ತಿದ್ದರು. 40 ವರ್ಷದಲ್ಲಿ ಪಕ್ಕದವನು ಸಮ ತಪ್ಪಿಸಿದ್ದು ಎಷ್ಟು ಸಲವೋ, ಆದರೆ ಖುಷಿಯಾಗುವ ಹಾಗೆ ತಪ್ಪಿಸಿದವರು ಕಡಿಮೆಯಂತೆ.

ಬಿಡುವಿನಲ್ಲಿ ಮಾವ ಹೇಳಿದ್ದು ನಿಮ್ಮ ಪ್ರಶ್ನೆಗೆ ನೇರ ಉತ್ತರ. ರಾಮನವಮಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಕಛೇರಿ ಕೇಳಿದ್ದೀರಾ? ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ವಯಸ್ಸಾದ ವಿದ್ವಾಂಸರು ಹಾಡುವಾಗ ತಾರಸ್ಥಾಯಿಗೆ ದನಿ ಹೋಗುವುದಿಲ್ಲ, ಕೆಮ್ಮು ಬರುತ್ತದೆ, ಶಿಷ್ಯ ಎತ್ತಿಕೊಳ್ಳುತ್ತಾನೆ. ಕಾಲಪ್ರಮಾಣ, ಅಂದರೆ ಲಯದ ವೇಗ, ಮಾತ್ರ ಕಲ್ಲು. ಶುರುವಲ್ಲಿ ಎಷ್ಟಿತ್ತೋ ಕೊನೆಗೂ ಅಷ್ಟೇ, ಒಂದು ಕೂದಲು ಓಡುವುದಿಲ್ಲ. ಚಿಕ್ಕ ಹುಡುಗರು ಚಪ್ಪಾಳೆ ಬಿದ್ದರೆ ಓಡುತ್ತಾರೆ. 'ಈ ಬ್ಯಾಂಡಿನವರದ್ದು ಪೂರ್ತಿ ಸರ್ವಲಘು ಕಣೋ' ಅಂದರು ಮಾವ. ಮೃದಂಗದಲ್ಲಿ ಸರ್ವಲಘು ಅಂದರೆ ಲೆಕ್ಕಾಚಾರ ತೋರಿಸದೆ, ನಡೆ ಕೆಡದ ಹಾಗೆ ಸರಾಗವಾಗಿ ಹಾಡಿನ ಜೊತೆ ಹೋಗೋದು. ಕೇಳೋಕೆ ಸುಲಭ, ನುಡಿಸೋಕೆ ಕಷ್ಟ, ಅದು ಕೈಗೆ ಕೂರೋಕೆ ವರ್ಷಗಟ್ಟಲೆ ಬೇಕು. ಫಂಕ್ ಪೂರ್ತಿ ನಿಂತಿರೋದು ಅದರ ಮೇಲೆ. ಅದಕ್ಕೇ ನಾನು ರಾಕ್ ಆದರೆ ಯೋಚಿಸಿ, ಫಂಕ್ ಆದರೆ ಹೋಗಿ ಅಂದದ್ದು.

ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ನಿಧಾನದ ಪ್ರೇಮಗೀತೆಗಳು ಬಂದಾಗ ಎಳೆದ ಹಾಗಿತ್ತು, ಎರಡು ಕಡೆ ಹಾಡಿಗಿಂತ ಮಾತೇ ಜಾಸ್ತಿ. ಆದರೆ 1972ರ 'ಯೂ ಆರ್ ಸ್ಟಿಲ್ ಎ ಯಂಗ್ ಮ್ಯಾನ್' ಹಾಡು ಬಂತು ನೋಡಿ, 'ನೀನಿನ್ನೂ ಚಿಕ್ಕವನು' ಅಂತ ಪ್ರೀತಿ ಬಿಟ್ಟು ಹೋಗುವವಳನ್ನು ಹುಡುಗ ಬೇಡಿಕೊಳ್ಳುವ ಹಾಡು. ಬರೆದ ಎಮಿಲಿಯೊ ಕ್ಯಾಸ್ಟಿಯೊ ಮತ್ತು ಸ್ಟೀಫನ್ ಕುಪ್ಕಾ ಇಬ್ಬರೂ ವೇದಿಕೆ ಮೇಲಿದ್ದರು, ಬ್ಯಾಂಡ್ ಕಟ್ಟಿದವರೂ ಇವರೇ. ನರೆತ ಗಡ್ಡ, ಕೈಯಲ್ಲಿ ಸ್ಯಾಕ್ಸೊಫೋನ್, ಹಾಡು ಮಾತ್ರ 'ನೀನಿನ್ನೂ ಚಿಕ್ಕವನು'. ಹಾಲ್‌ನಲ್ಲಿದ್ದ ಅಜ್ಜ ಅಜ್ಜಿಯರೆಲ್ಲ ಹಾಡುತ್ತಿದ್ದರು. ಯಾರೂ ತಮಾಷೆ ಅಂತ ನಗಲಿಲ್ಲ.

ಮೂಲ ಸದಸ್ಯರ ಪ್ರಶ್ನೆಗೆ ಬರುತ್ತೇನೆ. ಈ ಬ್ಯಾಂಡಿನಲ್ಲಿ ಹತ್ತಾರು ಜನ ಬಂದು ಹೋಗಿದ್ದಾರೆ, ಗಾಯಕರೇ ಎಷ್ಟೋ ಸಲ ಬದಲಾಗಿದ್ದಾರೆ. ಯಕ್ಷಗಾನ ಮೇಳದಲ್ಲಿ ಭಾಗವತರು ಬದಲಾದರು ಅಂತ ನಾವು ಮೇಳದ ಆಟಕ್ಕೆ ಹೋಗದೆ ಇರುತ್ತೇವಾ? ಆದರೂ ಹುಷಾರು. ಹೆಸರೊಂದನ್ನು ಉಳಿಸಿಕೊಂಡು, ಒಬ್ಬ ಹಳಬರನ್ನು ಮುಂದೆ ನಿಲ್ಲಿಸಿ, ಉಳಿದವರನ್ನು ಬಾಡಿಗೆಗೆ ತಂದು ಊರೂರು ಸುತ್ತುವ ಬ್ಯಾಂಡ್‌ಗಳೂ ಇವೆ. ನಾನು ಮಾಡೋದು ಇಷ್ಟು: ಗಾಯಕ ಯಾರು ಅಂತ ನೋಡೋದೇ ಇಲ್ಲ, ಡ್ರಮ್ಸ್ ಮತ್ತು ಬಾಸ್ ಯಾರು, ಎಷ್ಟು ವರ್ಷದಿಂದ ಒಟ್ಟಿಗೆ ನುಡಿಸುತ್ತಿದ್ದಾರೆ ಅಂತ ನೋಡುತ್ತೇನೆ. ಇತ್ತೀಚಿನ ಲೈವ್ ವಿಡಿಯೋ ಒಂದನ್ನು ಕಣ್ಣು ಮುಚ್ಚಿ ಕೇಳಿ. ತಲೆ ತಾನಾಗಿ ಆಡಿದರೆ ಟಿಕೆಟ್ ತಗೊಳ್ಳಿ.

ಒಂದು ಬೇಜಾರು ನನಗೂ ಇದೆ. ಈ ಬ್ಯಾಂಡಿನ ಹಳೇ ಬಾಸ್ ವಾದಕ ರಾಕೊ ಪ್ರೆಸ್ಟಿಯಾ. 1973ರ 'ವಾಟ್ ಈಸ್ ಹಿಪ್?' ಕೇಳಿ, ತಂತಿಯನ್ನು ಎಡಗೈಯಲ್ಲಿ ಅರ್ಧ ಅದುಮಿಕೊಂಡು ಅವರು ನುಡಿಸಿದ್ದು ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ, ಬಿಡುವೇ ಇಲ್ಲ. ನಾವು ಹೋದಾಗ ಅವರು ಬ್ಯಾಂಡಿನಲ್ಲಿರಲಿಲ್ಲ, 2020ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲು ಎರಡು ಸಲ ಆ ಕಡೆ ಹೋಗಿದ್ದೆ. ಟಿಕೆಟ್ ದುಬಾರಿ ಅಂತ ಮುಂದಿನ ಸಲ ನೋಡೋಣ ಅಂದುಕೊಂಡಿದ್ದೆ.

ನೀವು ಹೋಗೋದು ಬೆಂಗಳೂರಿನ ಬಯಲು ಮೈದಾನಕ್ಕಾದರೆ, ವೇದಿಕೆಗೆ ಅಂಟಿಕೊಂಡು ನಿಲ್ಲಬೇಡಿ, ಅಲ್ಲಿ ಡ್ರಮ್ಸ್ ಒಂದೇ ಕೇಳುತ್ತದೆ. ಸೌಂಡ್ ಮಾಡೋರ ಮೇಜು ಎಲ್ಲಿದೆ ನೋಡಿ, ಅದರ ಮುಂದೆ ನಿಂತುಕೊಳ್ಳಿ. ಅವರು ಸರಿ ಮಾಡಿಕೊಳ್ಳೋದು ಅವರ ಕಿವಿಗೆ ತಾನೇ. ಇಯರ್‌ಪ್ಲಗ್ ತಗೊಂಡು ಹೋಗಿ, ಇಲ್ಲಾ ಹತ್ತಿ. ಕೊನೇ ಮೆಟ್ರೋ ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ, ಅರಮನೆ ಮೈದಾನದ ಪಕ್ಕದ ಮೇಕ್ರಿ ಸರ್ಕಲ್ ಕಡೆ ಆ ಹೊತ್ತಲ್ಲಿ ಆಟೋದವರ ರೇಟ್ ಕೇಳಿದರೆ ಫಂಕ್ ಎಲ್ಲ ಇಳಿದು ಹೋಗುತ್ತದೆ.

ಮಾವ ಈಗ ವಾಪಸ್ ಬಸವನಗುಡಿಯಲ್ಲಿದ್ದಾರೆ. ಸಂಜೆ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಾರೆ. ಹೋದ ತಿಂಗಳು ಹೋಗಿದ್ದಾಗ ಹುಡುಗನೊಬ್ಬ ಪಾಠ ಒಪ್ಪಿಸುತ್ತಾ ಓಡುತ್ತಿದ್ದ. ಮಾವ ಅವನನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. 'ಆ ಕಳ್ಳನ ವಿಡಿಯೋ ಇದೆಯೇನೋ ನಿನ್ನ ಫೋನಲ್ಲಿ? ಇವನಿಗೆ ಸ್ವಲ್ಪ ತೋರಿಸು.'