ಮೆಡಲಿನ ಅಂಚು ಓದಿ

ಪ್ರಶ್ನೆ: ನಮ್ಮ ತಾತ ಸೈನ್ಯದ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದ್ದರು. 1971ರ ಯುದ್ಧದಲ್ಲಿ ತೀರಿಕೊಂಡರು. ಅಜ್ಜಿಗೆ ಈಗ 81. ಪಿಂಚಣಿ ಬರುತ್ತಿದೆ, ಆದರೆ ತೀರಾ ಕಡಿಮೆ ಅನ್ನಿಸುತ್ತೆ. ಪಿಪಿಒ, ಅಂದರೆ ಪಿಂಚಣಿ ಮಂಜೂರಾತಿ ಆದೇಶದ ಕಾಗದ, ಗೆದ್ದಲು ಪಾಲಾಗಿದೆ. ಟ್ರಂಕಿನಲ್ಲಿ ಉಳಿದಿರುವುದು ಒಂದು ಸಂಗ್ರಾಮ್ ಮೆಡಲ್ ಮಾತ್ರ. ಅದಕ್ಕೇನಾದರೂ ದುಡ್ಡು ಬರುತ್ತಾ? ಗ್ರಾಚ್ಯುಟಿ ಈಗಲೂ ಕೇಳಬಹುದಾ?
– ಓದುಗರೊಬ್ಬರು, ಅರಕಲಗೂಡು

ಉತ್ತರ: ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಸಂಗ್ರಾಮ್ ಮೆಡಲ್ 1971ರ ಯುದ್ಧದ ಸೇವೆಗೆ ಕೊಟ್ಟದ್ದು, ಅದಕ್ಕೆ ಭತ್ಯೆ ಇಲ್ಲ. ತಿಂಗಳ ಹಣ ಬರುವುದು ವೀರಚಕ್ರದಂಥ ಶೌರ್ಯ ಪದಕಗಳಿಗೆ. ಗ್ರಾಚ್ಯುಟಿ ಒಂದೇ ಸಲ ಕೊಡುವ ಗಂಟು. ಅದು ಆಗಲೇ ಅಜ್ಜಿಯ ಕೈ ಸೇರಿ, ಯಾರದೋ ಮದುವೆಗೋ ಬಾವಿಗೋ ಖರ್ಚಾಗಿರಬೇಕು. ಕೇಳಿ ನೋಡಿ.

ಆದರೆ ಆ ಮೆಡಲನ್ನು ಸುಮ್ನೆ ಟ್ರಂಕಿನಲ್ಲಿ ಇಡಬೇಡಿ. ಕಿಟಕಿ ಬೆಳಕಿಗೆ ಹಿಡಿದು ಅಂಚು ನೋಡಿ. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ತಾತನ ಸೈನ್ಯದ ನಂಬರ್, ಹುದ್ದೆ, ಹೆಸರು ಕೊರೆದಿರುತ್ತೆ. ನಾನು ರೆಕಾರ್ಡ್ಸ್‌ನಲ್ಲಿ, ಅಂದರೆ ಸೈನಿಕರ ದಾಖಲೆ ಇಡುವ ಕಚೇರಿಯಲ್ಲಿ, ಕ್ಲರ್ಕ್ ಆಗಿದ್ದವನು. ನಾವು ಫೈಲು ಹುಡುಕುತ್ತಿದ್ದುದು ಹೆಸರಿನಿಂದಲ್ಲ, ಆ ನಂಬರಿನಿಂದ. ಒಂದೇ ಹೆಸರಿನ ಗೌಡರು ಎಷ್ಟು ಜನ ಇದ್ದರು ಅಂತೀರಿ!

ನಂಬರ್ ಬರೆದುಕೊಂಡು ಹಾಸನದ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಅವರ ಮೂಲಕ ಬೆಂಗಳೂರಿನ ಎಂಇಜಿ ರೆಕಾರ್ಡ್ಸ್‌ಗೆ ಅರ್ಜಿ ಹಾಕಿ. ಕೇಳಬೇಕಾದ್ದು ಇಷ್ಟೇ: ಅಜ್ಜಿಯ ಪಿಂಚಣಿ ಯಾವ ಬಗೆಯದು? ಸಾಮಾನ್ಯ ಕುಟುಂಬ ಪಿಂಚಣಿ ಅಂದರೆ ಸಂಬಳದ ಶೇ 30. ಸೇವೆಯ ಕಾರಣದಿಂದ ಸಾವು ಬಂದಿದ್ದರೆ ಸ್ಪೆಷಲ್, ಶೇ 60. ಯುದ್ಧದಲ್ಲಿ ತೀರಿಕೊಂಡಿದ್ದರೆ ಲಿಬರಲೈಸ್ಡ್, ಅಂದರೆ ಪೂರ್ತಿ ಸಂಬಳದಷ್ಟು. ಗುಂಡೇಟಿನಿಂದ ಆಮೇಲೆ ಆಸ್ಪತ್ರೆಯಲ್ಲಿ ಹೋಗಿದ್ದರೂ ಅದು ಯುದ್ಧದ ಲೆಕ್ಕವೇ.

ಅಜ್ಜಿಗೆ 80 ದಾಟಿದೆ ಅಲ್ವಾ? ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ ಸಿಗಬೇಕು. 85ಕ್ಕೆ ಅದು ಶೇ 30 ಆಗುತ್ತೆ. ದಾಖಲೆಯಲ್ಲಿ ಹುಟ್ಟಿದ ತಾರೀಖು ಇಲ್ಲದಿದ್ದರೆ ಇದು ತಾನಾಗಿ ಸೇರಲ್ಲ. ಆ ಕಾಲದ ಹೆಂಗಸರದ್ದು ಎಷ್ಟೋ ಕಡೆ ಬರೆದೇ ಇರುವುದಿಲ್ಲ.

ಹೆಸರನ್ನೂ ನೋಡಿಕೊಳ್ಳಿ. ನನ್ನ ಅತ್ತಿಗೆಯದು ಅಣ್ಣನ ಕಾಗದದಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಇನ್ನೊಂದು. ಎರಡೂ ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ ಒಪ್ಪಿಸುವಷ್ಟರಲ್ಲಿ ನಾನೇ ಮೂರು ಸಲ ಬಸ್ ಹತ್ತಿ ಇಳಿದೆ. ಕ್ಲರ್ಕ್ ಆಗಿದ್ದವನ ಪಾಡೇ ಇದು.

ಇನ್ನೊಂದು. ಆಯುಧಪೂಜೆಗೆ ಮೆಡಲನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಅಭ್ಯಾಸ ಇದ್ದರೆ ಈ ವರ್ಷ ಬೇಡ. ನಮ್ಮೂರಿನ ಒಂದು ಮನೆಯಲ್ಲಿ ತಿಕ್ಕಿ ತಿಕ್ಕಿ ನಂಬರಿನ ಕೊನೆಯ ಎರಡು ಅಂಕಿ ಸವೆದೇ ಹೋಗಿದ್ದವು.